ಎರಡೂ ಎಡಗಾಲಿನ ಚಪ್ಪಲಿ

ನೆಲೋಗಿಯ ವಾಮನರಾವ್ ಮಾಸ್ತರರ ಚಪ್ಪಲಿ ಎರಡೂ ಎಡಗಾಲಿನವು. ಬಲಗಾಲನ್ನು ಓರೆಯಾಗಿ ಇಡುತ್ತ ಶಾಲೆಗೆ ಹೋಗುವ ಅವರನ್ನು ನೋಡಿ ನೋಡಿ ಊರು ನಗುವುದನ್ನೇ ಬಿಟ್ಟಿತ್ತು.

ಮೊದಲು ಹೀಗಿರಲಿಲ್ಲ. ಎಪ್ಪತ್ತೆರಡನೆಯ ಇಸವಿಯಲ್ಲಿ ಅವರಿಗೊಂದು ಹಟ ಹತ್ತಿತು. ಮೈಮೇಲಿನದು, ಕಾಲಲ್ಲಿನದು ಎಲ್ಲ ಸ್ವಂತ ಕೈಯದೇ ಆಗಬೇಕು. ನೂಲು ತೆಗೆದರು, ನೇಯ್ದರು, ಅಂಗಿ ಹೊಲಿದುಕೊಂಡರು. ಒಂದು ತೋಳು ಗಿಡ್ಡ, ಒಂದು ಉದ್ದ. ಆದರೂ ಅಂಗಿ ಅಂಗಿಯೇ.

ಚಪ್ಪಲಿ ಕಲಿಯಲು ಪೀರಪ್ಪನ ಬಳಿ ಹೋದರು. ಊರಿಗೆಲ್ಲ ಮೆಟ್ಟು ಹೊಲಿದು ಕೊಡುವವನು ಅವನೇ. ತೊಗಲಿನ ಮೇಲೆ ಕಾಲು ಇರಿಸಿ, ಸುತ್ತ ಸುಣ್ಣದ ಗೆರೆ ಎಳೆದು ತೋರಿಸಿದ. ಮಾಸ್ತರರು ಮನೆಯಲ್ಲಿ ಎಡಗಾಲಿನದನ್ನು ಕೊಯ್ದರು. ಅಳತೆ ಸಿಕ್ಕಿತಲ್ಲ, ಮತ್ತೆ ಕಾಲೇಕೆ ಎಂದು ಅದನ್ನೇ ತೊಗಲಿನ ಮೇಲಿಟ್ಟು, ಮಗುಚಿ ಹಾಕುವುದನ್ನು ಮರೆತು, ಎರಡನೆಯದನ್ನೂ ಕೊಯ್ದರು. ಗಣಿತ ಕಲಿಸುವ ಮನುಷ್ಯ! ಪಟ್ಟಿ ಹೊಲಿದು ಮೆಟ್ಟಿಕೊಂಡಾಗಲೇ ಗೊತ್ತಾದದ್ದು.

ಪೀರಪ್ಪ ನಗಲಿಲ್ಲ. "ಇರ್ಲಿ ಬಿಡ್ರಿ ಸರ," ಎಂದವನು ಎಂಟು ದಿನಕ್ಕೆ ಎಡ ಬಲ ಸರಿಯಾಗಿದ್ದ ಹೊಸ ಜೋಡಿ ತಂದುಕೊಟ್ಟ. ಯಾರಾದರೂ ಕೇಳಿದರೆ ನಿಜ ಹೇಳಿದರಾಯಿತು ಎಂದುಕೊಂಡು ಮಾಸ್ತರರು ಮೆಟ್ಟಿದರು. ಯಾರೂ ಕೇಳಲಿಲ್ಲ. ಮಾಸ್ತರರೇ ಮಾಡಿಕೊಂಡದ್ದು ಎಂದು ಜನರೇ ಹೇಳಿದರು. ಇವರು ಸುಮ್ಮನಿದ್ದರು. ಒಂದು ಜೋಡಿ ಸವೆದಾಗ ಪೀರಪ್ಪ ಇನ್ನೊಂದು ಹೊಲಿದ, ಹಿತ್ತಲ ಗೋಡೆಯ ಮೇಲೆ ಇಟ್ಟು ಹೋದ. ಹೀಗೆ ಆರು ವರ್ಷ.

ಎಪ್ಪತ್ತೆಂಟರ ಆಗಸ್ಟ್ ಹದಿನೈದಕ್ಕೆ ಶಾಲೆಯ ಅಂಗಳದಲ್ಲಿ, ಎಲ್ಲ ಸ್ವಂತ ಕೈಯಿಂದಲೇ ಮಾಡಿಕೊಳ್ಳುತ್ತಾರೆಂದು, ಮಾಸ್ತರರಿಗೆ ಸನ್ಮಾನ. ಊರ ಹಿರಿಯ ಗೌಸಮೊಹಿದ್ದೀನ ಸಾಹೇಬರು ಚಪ್ಪಲಿ ಬಿಚ್ಚಿಸಿ ಎತ್ತಿ ಹಿಡಿದರು. ಎಲ್ಲರ ಹಿಂದೆ, ನೆಲದ ಮೇಲೆ ಕೂತಿದ್ದ ಪೀರಪ್ಪನನ್ನು ಕರೆದರು.

"ಏನಲೇ ಪೀರಪ್ಪ, ನಿನ್ನ ಕಸಬು ಮಾಸ್ತರ ಕಸಗೊಂಡಾರ ನೋಡು. ಹೊಲಿಗಿ ಹೆಂಗದ?"

ಪೀರಪ್ಪ ಚಪ್ಪಲಿ ತಿರುವಿ, ತನ್ನದೇ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ. ಮಾಸ್ತರರ ಕಡೆ ನೋಡಲಿಲ್ಲ.

"ನನ್ನ ಕೈಗಿಂತ ಛಲೋ ಅದ ಬಿಡ್ರಿ."

ಜನ ಚಪ್ಪಾಳೆ ತಟ್ಟಿದರು. ಈಗ ಹೇಳಬೇಕು, ಈಗಲೇ ಎಂದು ಮಾಸ್ತರರ ಬಾಯಿ ತೆರೆಯಿತು. ಅಷ್ಟರಲ್ಲಿ ಹಾರ ಬಂತು. ಅವರು ಕೊರಳು ಬಗ್ಗಿಸಿದರು.

ಮನೆಯಲ್ಲಿ ಹೆಂಡತಿ ಶಾರದಾಬಾಯಿ ಹಾರವನ್ನು ಗೂಟಕ್ಕೆ ಹಾಕಿ ಊಟಕ್ಕೆ ಕರೆದರು. ತಾಟಿನ ಮುಂದೆ ಕೂತಾಗ ತಮ್ಮ ಕೈಯನ್ನು ತಾವೇ ನೋಡಲು ಮಾಸ್ತರರಿಗೆ ನಾಚಿಕೆಯಾಯಿತು. ಅಟ್ಟ ಹತ್ತಿ ಹಳೆಯ ಎಡಗಾಲಿನ ಜೋಡಿಯನ್ನು ಹುಡುಕಿ ತೆಗೆದು, ಮರುದಿನದಿಂದ ಅದನ್ನೇ ಮೆಟ್ಟಿದರು. ಕೇಳಿದವರಿಗೆಲ್ಲ, "ಇವು ನಾ ಮಾಡಿದ್ದು," ಎಂದರು. ಹಾಗಾದರೆ ಆರು ವರ್ಷ ಮೆಟ್ಟಿದವು ಯಾರು ಮಾಡಿದ್ದು ಎನ್ನುವ ಮಾತು ಮಾತ್ರ ನಾಲಿಗೆಗೆ ಬರಲಿಲ್ಲ. ಎಂಥ ಸರಳ ಮನುಷ್ಯ ಎಂದು ಜನ ಮತ್ತೆ ಹೊಗಳಿದರು. ಹೊಗಳಿದಷ್ಟೂ ಅವರು ಕುಗ್ಗಿದರು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಪೀರಪ್ಪನ ಗುಡಿಸಲ ಮುಂದೆ ಹಾಯ್ದು ಹೋಗಬೇಕಾಯಿತು. ಅವನು ಕೂತಲ್ಲಿಂದಲೇ ಕರೆದ. ಬಲಗಾಲಿನ ಹೆಬ್ಬೆರಳು ಕೊರೆದು ರಕ್ತ ಬಂದದ್ದನ್ನು ನೋಡಿದ. ಸುತ್ತ ಯಾರಾದರೂ ಇದ್ದಾರೇನೋ ಎಂದು ಕಣ್ಣಾಡಿಸಿ, ದನಿ ತಗ್ಗಿಸಿದ.

"ತರ್ರಿ ಇಲ್ಲಿ ಸರ. ಒಂದ ಬಲಗಾಲಿಂದ ಮಾಡಿ ಕೊಡ್ತೇನಿ. ಈ ಸಲಾನೂ ಯಾರಿಗೂ ಹೇಳಂಗಿಲ್ರಿ."

ಮಾಸ್ತರರು ಮುಖ ಎತ್ತಲಾಗದೆ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.