ಎಂಟಕ್ಕೆ ಮೊದಲು ಹೊರಡುವುದು ಬೇಡ

"ಅಲ್ಲಿ ಆನೆ ಇಲ್ಲ ಕಣೇ, ಎಂಟು ಗಂಟೆ ತನಕ ಯಾಕೆ ಕಾಯ್ಬೇಕು?" ಎಂದು ನನ್ನ ಗಂಡ ನಕ್ಕಾಗ ನನಗೂ ನಗು ಬಂತು. ಮುಂದಿನ ತಿಂಗಳು ಸ್ಕಾಟ್‌ಲೆಂಡಿನ ಹಳ್ಳಿ ರಸ್ತೆಗಳಲ್ಲಿ ಐದು ದಿನ ನಾವೇ ಕಾರು ಓಡಿಸಿಕೊಂಡು ಸುತ್ತಾಡಲು ಯೋಜನೆ ಹಾಕುತ್ತಿದ್ದೆವು. ಪಟ್ಟಿ ಬರೆಯುತ್ತಿದ್ದ ನಾನು ಅಭ್ಯಾಸಬಲದಿಂದ ಪ್ರತಿ ದಿನದ ಮುಂದೂ 'ಎಂಟಕ್ಕೆ ಮೊದಲು ಹೊರಡುವುದು ಬೇಡ' ಎಂದು ಬರೆದುಬಿಟ್ಟಿದ್ದೆ. ಹೊಂಗಡಹಳ್ಳದ ನಮ್ಮ ಕಾಫಿ ತೋಟದಲ್ಲಿ, ಬೆಳಿಗ್ಗೆ ಎಂಟರ ಹೊತ್ತಿಗೆ ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದು, ತೋಟದ ಲೆಕ್ಕ ಬರೆಯುವ ರೈಟರ್ ಅದನ್ನು ಓದಿ ಹೇಳಿದ ಮೇಲೆಯೇ ಯಾರಾದರೂ ರಸ್ತೆಗಿಳಿಯುವುದು.

ಜಗಲಿಯಲ್ಲಿ ಕಾಳುಮೆಣಸು ಬಿಡಿಸುತ್ತಿದ್ದ ಗೌರಮ್ಮ ತಲೆಯೆತ್ತಿದರು. ಎರಡು ವರ್ಷದ ಹಿಂದೆ, ಮುಂಜಾನೆಯ ಮಂಜಿನಲ್ಲಿ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಅವರ ಗಂಡ ಆನೆ ತುಳಿದು ತೀರಿಕೊಂಡಿದ್ದರು. ಎಂಟರ ನಿಯಮವನ್ನು ನಾವು ಮಾಡಿದ್ದೇ ಆಮೇಲೆ.

"ಅಲ್ಲಿ ಬೆಳಕು ಹರಿಯೋ ಹೊತ್ಗೆ ಒಬ್ರೇ ನಡ್ಕಂಡು ಹೋಗ್ಬೋದಾ ಅಮ್ಮ?" ಎಂದು ಕೇಳಿದರು.

ಹೋಗಬಹುದು ಎಂದೆ. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಪರದೆಯ ಮೇಲೆ ಅಲ್ಲಿನ ಮಂಜು ಕವಿದ ಕಿರಿದಾದ ರಸ್ತೆಯೊಂದರ ಚಿತ್ರವಿತ್ತು. ಗೌರಮ್ಮ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ನಮ್ ರೋಡ್ ಇದ್ದಂಗೇ ಐತೆ. ಬರೀ ಕಾರಲ್ಲೇ ಕೂತಿರ್ಬೇಡಿ ಅಮ್ಮ. ಒಂದಿನ ಇಳ್ದು ನಡೀರಿ."

ಅವರು ಮತ್ತೆ ಮೆಣಸಿನ ಮುಂದೆ ಕುಳಿತರು. ನಾನು ಮೂರನೆಯ ದಿನದ ಸಾಲನ್ನು ಹೊಡೆದುಹಾಕಿ 'ಬೆಳಿಗ್ಗೆ ಆರು ಗಂಟೆ, ನಡಿಗೆ' ಎಂದು ಬರೆದೆ. ಅವರ ಗಂಡ ಮನೆ ಬಿಡುತ್ತಿದ್ದ ಹೊತ್ತು ಅದು.