ದಸ್ತಗೀರ ಕಾಕಾನ ಟಿ.ವಿ.ಯೊಳಗಿನ ಗೆರೆ

ಟಿ.ವಿ.ಗಳು ಮುಂದೆ ಹೊಟ್ಟೆ ಬಿಟ್ಟು, ಹಿಂದೆ ಗೂನು ಹೊತ್ತು ಕೂಡುತ್ತಿದ್ದ ಕಾಲ. ಒಂದನ್ನು ಎತ್ತಲು ಇಬ್ಬರು ಗಂಡಸರು ಬೇಕಾಗುತ್ತಿತ್ತು, ನೋಡಲು ಇಡೀ ಓಣಿ ಬರುತ್ತಿತ್ತು. ಸವಣೂರಿನ ನಮ್ಮ ಓಣಿಯಲ್ಲಿ ಕಲರ್ ಸೆಟ್ ಎಂದರೆ ಎರಡೇ. ಒಂದು ನಮ್ಮದು, ಅಪ್ಪ ಹುಬ್ಬಳ್ಳಿಯಿಂದ ತಂದದ್ದು. ಇನ್ನೊಂದು ಗೋಡೆಯಾಚೆಯ ದಸ್ತಗೀರ ಕಾಕಾನದು. ಅವನ ಹಿರಿಮಗ ದುಬೈಯಿಂದ ಕಂಬಳಿಯಲ್ಲಿ ಸುತ್ತಿ, ಕೂಸಿನಂತೆ ಜೋಪಾನ ಮಾಡಿ ತಂದ ಜಪಾನ್ ಸೆಟ್.

ಕಾಕಾನಿಗೆ ಎಲೆ ತೋಟ, ಅಪ್ಪನಿಗೆ ಎಲೆ ವ್ಯಾಪಾರ. ನಮ್ಮ ಪಡಸಾಲೆ ಯಾವಾಗಲೂ ನೀರು ಚಿಮುಕಿಸಿದ ವೀಳ್ಯದೆಲೆಯ ವಾಸನೆ ಹೊಡೆಯುತ್ತಿತ್ತು. ಬಣ್ಣ ನೋಡಿಯೇ ಎಲೆಯ ವಯಸ್ಸು ಹೇಳುವ ಈ ಇಬ್ಬರಿಗೂ ಟಿ.ವಿ. ಚೆಕ್ ಮಾಡುವ ದಾರಿ ಒಂದೇ. ಸಂಜೆಯ ಹಿಂದಿ ಕೃಷಿ ಕಾರ್ಯಕ್ರಮದಲ್ಲಿ ಹಸಿರು ಹೊಲ ಬಂದ ಕೂಡಲೇ ಒಂದು ಎಲೆಯನ್ನು ಗಾಜಿಗೆ ಹಿಡಿಯುವುದು. ಒಂದು ದಿನ ನಮ್ಮಲ್ಲಿ, ಒಂದು ದಿನ ಅವರಲ್ಲಿ. ನಡುವೆ ಖಾರಾ, ಚುರಮರಿಯ ಪರಾತ. ತನ್ನ ಸೆಟ್ಟಿನ ಹಸಿರೇ ಖರೇ ಹಸಿರು ಎಂದು ಇಬ್ಬರೂ ಹಟ ಹಿಡಿಯುತ್ತಿದ್ದರು. ಹಾನೆಸ್ಟ್ ಆಗಿ ಹೇಳಬೇಕೆಂದರೆ, ಯಾರೂ ಸೋಲಬಾರದು ಎಂದೇ ನಮ್ಮ ಆಸೆ. ಸೋತರೆ ಖಾರಾ ನಿಂತುಬಿಡುತ್ತಿತ್ತಲ್ಲ.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದುತ್ತಿದ್ದ ನಾನು ಆ ಸಲದ ಸಮ್ಮರ್ ಹಾಲಿಡೇಸ್‌ಗೆ ಬಂದಾಗ ನನ್ನ ಟ್ರಂಕಿನಲ್ಲಿ ಒಂದು ಮ್ಯಾಗ್ನಿಫೈಯಿಂಗ್ ಗ್ಲಾಸ್ ಇತ್ತು, ಸೈನ್ಸಿನ ಪ್ರೈಜ್ ಎಂದು ಸಿಸ್ಟರ್ ಕೊಟ್ಟದ್ದು. ಅಪ್ಪ ನನ್ನನ್ನು "ಕಾನ್ವೆಂಟ್ ಬಾಯಿ" ಎಂದು ಚಾಷ್ಟಿ ಮಾಡುತ್ತಿದ್ದ. ಕಾಕಾನ ಮಗಳು ನೂರಿ ನನ್ನ ವಾರಿಗೆಯವಳು. ಆ ಗ್ಲಾಸಿನಲ್ಲಿ ಇಬ್ಬರೂ ಇರುವೆ, ಉಪ್ಪಿನ ಹರಳು, ಅಜ್ಜಿಯ ಮೂಗುತಿ ಎಲ್ಲ ನೋಡಿ ಮುಗಿಸಿದ್ದೆವು.

ಒಂದು ಸಂಜೆ ಕಾಕಾನ ಟಿ.ವಿ.ಯಲ್ಲಿ ಹಿಮದ ಬೆಟ್ಟ ಬಂತು. ಪರದೆ ಪೂರ್ತಿ ಬೆಳ್ಳಗಾಯಿತು. ಆಗ ಕೆಳಭಾಗದಲ್ಲಿ, ಈ ಅಂಚಿನಿಂದ ಆ ಅಂಚಿಗೆ, ಕೂದಲೆಳೆಯಂಥ ಒಂದು ಅಡ್ಡ ಗೆರೆ ಕಂಡಿತು. ಮೊದಲು ಕಂಡದ್ದು ಅಪ್ಪನಿಗೆ.

"ದಸ್ತಗೀರಾ, ನಿನ್ನ ಟ್ಯೂಬ್ ಸೀಳೈತಲ್ಲೋ. ನಿನ್ನ ಮಗಗ ಅಲ್ಲಿ ಯಾರೋ ಟೊಪ್ಪಗಿ ಹಾಕ್ಯಾರ ನೋಡು."

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಎದ್ದು ಹೋಗಿ ಬೆರಳಿನಿಂದ ಗಾಜು ಸವರಿದ, ಬಂದು ಕುಂತ. ಮರುದಿನದಿಂದ ಸೆಟ್ಟಿನ ಮೇಲೆ ಚಾದರ ಬಿತ್ತು. ನಮ್ಮ ಮನೆಗೂ ಅವನು ಬರಲಿಲ್ಲ. ಅಪ್ಪ ಎರಡು ಸಲ ಎಲೆ, ಸುಣ್ಣ ಹಿಡಿದು ಕಟ್ಟೆಯ ಮೇಲೆ ಕಾದು ಕುಂತು, ಒಬ್ಬನೇ ಹಾಕಿಕೊಂಡು ಎದ್ದ.

ಒಳಗಿನ ಸಂಗತಿ ನೂರಿ ಹೇಳಿದಳು. ಮಗ ಮೋಸ ಹೋದದ್ದು ಓಣಿಗೆಲ್ಲ ಗೊತ್ತಾಯಿತು, ರಜೆಗೆ ಬಂದಾಗ ಅವನು ಇದನ್ನು ಕೇಳಿಸಿಕೊಳ್ಳಬಾರದು ಎಂದು ಕಾಕಾನ ಸಂಕಟವಂತೆ. ಗುರುವಾರ ಎಲೆಯ ಲಾರಿಯೊಳಗೆ ಸೆಟ್ಟನ್ನು ಹುಬ್ಬಳ್ಳಿಗೆ ಕಳಿಸಿ, ಬಂದಷ್ಟಕ್ಕೆ ಮಾರಿಬಿಡುತ್ತಾನಂತೆ.

ಬುಧವಾರ ಮಧ್ಯಾಹ್ನ ಕಾಕಾ ತೋಟದಲ್ಲಿದ್ದಾಗ ನೂರಿ ಚಾದರ ಸರಿಸಿ ಸ್ವಿಚ್ ಹಾಕಿದಳು. ಕಾರ್ಯಕ್ರಮ ಇಲ್ಲದ ಹೊತ್ತು, ಪರದೆಯ ತುಂಬ ಚುರಮರಿ ಸಿಡಿದಂತೆ ಬಿಳಿ ಚುಕ್ಕೆ. ನಾನು ಗ್ಲಾಸ್ ಇಟ್ಟು ನೋಡಿದೆ. ಒಳಗೆ ಕೆಂಪು, ಹಸಿರು, ನೀಲಿ ಎಳೆಗಳು ಮೇಲಿಂದ ಕೆಳಗೆ ಎಲ್ಲೂ ತುಂಡಾಗದೆ ಇಳಿದಿದ್ದವು, ಮಗ್ಗದ ಮೇಲಿನ ಹಾಸುನೂಲಿನಂತೆ. ಓಡಿ ಬಂದು ನಮ್ಮದನ್ನು ನೋಡಿದೆವು. ನಮ್ಮದರಲ್ಲಿ ಅದೇ ಮೂರು ಬಣ್ಣ, ಆದರೆ ತುಂಡು ತುಂಡು, ಇಟ್ಟಂಗಿ ಗೋಡೆಯಂತೆ. ಎರಡೂ ಟಿ.ವಿ., ಎರಡೂ ಕಲರ್. ಒಳಗಿನ ಟ್ಯೂಬ್ ಮಾತ್ರ ಟೋಟಲಿ ಬೇರೆ ಜಾತಿ.

ಮತ್ತೆ ಕಾಕಾನ ಸೆಟ್ಟಿಗೆ ಹೋಗಿ ಗೆರೆಯ ಮೇಲೆ ಗ್ಲಾಸ್ ಇಟ್ಟೆವು. ಎಳೆಗಳು ಅಲ್ಲಿಯೂ ಮುರಿದಿರಲಿಲ್ಲ. ಅವುಗಳ ಮೇಲೊಂದು ತೆಳು ನೆರಳು ಅಷ್ಟೇ.

"ಒಡಕಾದ್ರ ಇಷ್ಟು ಸೀದಾ ಹೊಕ್ಕೈತೇನ?" ಎಂದಳು ನೂರಿ. "ಇದು ನಾವು ಮಲಗೋ ಹೊರಸಿನಂಗ ಐತಿ ನೋಡು. ಉದ್ದ ಹಗ್ಗ ಅಲುಗಾಡಬಾರದಂತ ಅಡ್ಡ ಒಂದು ಬಿಗದಿರ್ತಾರಲ್ಲ, ಹಂಗ."

ಟ್ಯೂಬಿನೊಳಗೆ ವ್ಯಾಕ್ಯೂಮ್ ಇರುತ್ತದೆ, ಒಡೆದಿದ್ದರೆ ಗಾಳಿ ಹೊಕ್ಕು ಚಿತ್ರವೇ ಬರುತ್ತಿರಲಿಲ್ಲ ಎಂದು ಸಿಸ್ಟರ್ ಕಲಿಸಿದ್ದನ್ನು ನಾನು ಸೇರಿಸಿದೆ.

ಸಂಜೆ ಅಪ್ಪನಿಗೆ ಇದನ್ನೆಲ್ಲ ಹೇಳಿ, ಕೈ ಹಿಡಿದು ಎಳೆದುಕೊಂಡು ಹೋದೆವು. ಕಾಕಾ ಬಾಗಿಲಲ್ಲಿ "ಬಾ" ಅಂದ, ಅಷ್ಟೇ. ಅಪ್ಪ ಮೊಣಕಾಲೂರಿ ಗ್ಲಾಸಿನೊಳಗೆ ಬಹಳ ಹೊತ್ತು ನೋಡಿದ. ಕೃಷಿ ಕಾರ್ಯಕ್ರಮ ಶುರುವಾಗಿ ಬಾಳೆತೋಟ ಬಂತು. ಅಪ್ಪ ಕಾಕಾನ ತೋಟದ್ದೇ ಒಂದು ಎಲೆ ತೆಗೆದು ಗಾಜಿಗೆ ಹಿಡಿದ. ಅದೇ ಎಲೆ ಹಿಡಿದು ದಾಪುಗಾಲು ಹಾಕಿ ನಮ್ಮ ಮನೆಗೆ ಹೋದ, ನಮ್ಮ ಸೆಟ್ಟಿಗೂ ಹಿಡಿದು ನೋಡಿ ತಿರುಗಿ ಬಂದ. ಹಟಕ್ಕೆ ಎಷ್ಟೇ ಜಗ್ಗಾಡಿದರೂ ಈ ಇಬ್ಬರೂ ಎಲೆ ಮುಟ್ಟಿ ಒಬ್ಬರಿಗೊಬ್ಬರು ಸುಳ್ಳಾಡಿದವರಲ್ಲ. ಆಡಿದ್ದರೆ ಇಬ್ಬರ ಬದುಕೂ ನಡೆಯುತ್ತಿರಲಿಲ್ಲ.

"ಒಡಕಲ್ಲೋ ದಸ್ತಗೀರಾ. ಅದು ಎಳಿ ಅಲುಗಾಡಬಾರದಂತ ಅಡ್ಡ ಬಿಗದದ್ದು. ಎಲಿ ಹಸರು ನಿನ್ನ ಟಿ.ವಿ.ಯಾಗ ಐತಿ. ನಂದರಾಗ ಬರೇ ಪಾಚಿ."

"ಎಲಿ ಮುಟ್ಟಿ ಹೇಳತೀಯೇನು?"

"ಹಿಡಕೊಂಡ ನಿಂತೇನಿ, ಕಾಣವಲ್ದೇನು?"

ಕಾಕಾ ಚಾದರ ಮಡಚಿ ನೂರಿಯ ಕೈಗಿಟ್ಟ. "ಹಂಗಾರ ನಾಳೆ ಲಾರಿಗೆ ನಿಂದಽ ಹೇರೋಣು ತಗೋ" ಅಂದ. ಅಪ್ಪ ಆ ಎಲೆಯನ್ನು ಎರಡು ಮಾಡಿ, ಸುಣ್ಣ ಹಚ್ಚಿ, ಅರ್ಧ ಅವನಿಗೆ ಕೊಟ್ಟ. ಖಾರಾದ ಪರಾತ ಬಂತು.

ಈಗ ಶಿಗ್ಗಾಂವದ ನಮ್ಮ ಮನೆಯಲ್ಲಿ ಗೋಡೆಯಗಲದ ಟಿ.ವಿ. ಇದೆ. ಹೊಟ್ಟೆಯಿಲ್ಲ, ಗೂನಿಲ್ಲ, ಪಿಕ್ಚರ್ ಅಂತೂ ಸೂಪರ್ಬ್. ನನಗೇನೂ ಕಂಪ್ಲೇಂಟ್ ಇಲ್ಲ. ಬಂಕಾಪುರದಲ್ಲಿರುವ ನೂರಿ ಹೋದ ತಿಂಗಳು ಬಂದಾಗ ಆ ಹಳೇ ಗ್ಲಾಸ್ ತೆಗೆದು ಕೊಟ್ಟೆ. ಕನ್ನಡಕ ಮೇಲೆ ಸರಿಸಿ, ಪರದೆಗೆ ಹಣೆ ತಾಗುವಷ್ಟು ಬಗ್ಗಿ ನೋಡಿದಳು. ಒಳಗೆ ಒಪ್ಪವಾದ ಸಣ್ಣ ಸಣ್ಣ ಕಾಳು. ತಮ್ಮ ಮನೆಯದೂ ಹೀಗೇ, ಮಗಳ ಮನೆಯದೂ ಹೀಗೇ ಅಂದಳು. ಹಾಗಿದ್ದ ಮೇಲೆ ಟಿ.ವಿ. ನೋಡಲು ಯಾರು ಯಾರ ಮನೆಗೆ ಹೋಗಬೇಕು?

ಪರದೆಯ ಮೇಲೆ ಅಷ್ಟರಲ್ಲಿ ಯಾವುದೋ ಹಸಿರು ಬಯಲು ಬಂತು. ಊಟದ ನಂತರಕ್ಕೆಂದು ತಂದಿಟ್ಟ ತಟ್ಟೆಯಿಂದ ನೂರಿ ಒಂದು ಎಲೆ ತೆಗೆದು, ಒರೆಸಿ, ಪರದೆಗೆ ಹಿಡಿದಳು.

"ಎಲಿ ಹಸರು ಇದರಾಗೂ ಐತಿ. ಅಪ್ಪಗ ಹೇಳಬೇಕಿತ್ತು" ಅಂದಳು. ಈಗಿಲ್ಲದ ಆ ಇಬ್ಬರಲ್ಲಿ ಯಾರ ಅಪ್ಪನಿಗೆ ಎಂದು ನಾನು ಕೇಳಲಿಲ್ಲ.