ಕಂಬಗಳ ಕೆಳಗಿನ ಕುರಿದಾರಿ

ತಳಕಲ್ ಹತ್ತಿರದ ಹಳ್ಳಿಯೊಂದರಲ್ಲಿ ಕುರಿ ಸಾಕುವ ದ್ಯಾಮಣ್ಣನ ಮಗಳು ಅನ್ನಪೂರ್ಣ. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಕಟ್ಟಡಗಳ ನಕ್ಷೆ ಬರೆಯಲು ಕಲಿತು ಕೊಪ್ಪಳದ ಕಚೇರಿಯೊಂದಕ್ಕೆ ಸೇರಿದಳು. ವರ್ಷಗಟ್ಟಲೆ ಅಂಗಡಿ ಮಳಿಗೆಗಳನ್ನೇ ಬರೆದಳು. ಕೊನೆಗೊಮ್ಮೆ ದ್ರಾಕ್ಷಿ ಬೆಳೆಯುವ ಶಾಂತಕುಮಾರ ತನ್ನ ತೋಟದ ಮೇಲಿನ ಇಳಿಜಾರಿನಲ್ಲಿ ವೈನ್ ತಯಾರಿಸುವ ಕಟ್ಟಡ ಬೇಕೆಂದು ಬಂದ.

"ನೆಲಾ ಕೆಡಬಾರ್ದು ನೋಡ್ರಿ. ಗುಡ್ಡದ ಮ್ಯಾಲೆ ಹಕ್ಕಿ ಕುಂತಂಗ ಕಾಣಬೇಕು."

ಆ ಇಳಿಜಾರು ಅವಳ ಅಂಗಾಲಿಗೇ ಗೊತ್ತಿತ್ತು. ಅಪ್ಪನ ಕುರಿಗಳು ಅದನ್ನು ದಾಟಿಯೇ ಕೆರೆಗೆ ನೀರು ಕುಡಿಯಲು ಹೋಗುತ್ತಿದ್ದವು. ಅವಳು ಗುಂಡುಕಲ್ಲು ಒಡೆಸಲಿಲ್ಲ, ಮಣ್ಣು ಸಮ ಮಾಡಿಸಲಿಲ್ಲ. ಇಡೀ ಕಟ್ಟಡವನ್ನು ಕಂಬಗಳ ಮೇಲೆ ಎತ್ತಿದಳು. ಮಳೆನೀರು ಮೊದಲಿನ ಹಾಗೆಯೇ ಹರಿಯಬೇಕು. ನಡುವಿನ ಕಂಬಗಳನ್ನು ದೂರ ದೂರ ನಿಲ್ಲಿಸಿ ಕುರಿದಾರಿಯನ್ನೂ ಉಳಿಸಿದಳು.

ನಕ್ಷೆ ನೋಡಿ ಶಾಂತಕುಮಾರ ನಕ್ಕ. "ಮ್ಯಾಲೆ ವೈನು, ಕೆಳಗ ಕುರಿ! ಪ್ಯಾಟಿ ಮಂದಿ ಫೋಟೋ ತಗೀತಾರ. ಇರ್ಲಿ ಬಿಡ್ರಿ."

ಅದಕ್ಕೂ ಮೊದಲು ಅವನು ಹಳೇ ದಾರಿಯ ಬದಲಿಗೆ ಕುರಿಗಳಿಗೆ ತೋಟದ ಬದುವಿನ ಗುಂಟ ಹಾದಿ ಬಿಟ್ಟುಕೊಡುತ್ತೇನೆಂದು ದ್ಯಾಮಣ್ಣನಿಗೆ ಹೇಳಿದ್ದ. ಅನ್ನಪೂರ್ಣಳೇ ಬೇಡವೆಂದಳು.

"ಹಳೇ ದಾರಿ ಎಲ್ಲೂ ಹೋಗೂದಿಲ್ಲಪ್ಪ. ನಾ ಅದೀನಿ."

"ಹೆಂಡದ ಫ್ಯಾಕ್ಟರಿ ಕೆಳಗ ಹಾಯ್ದು ನನ್ನ ಟಗರು ಜೋಲಿ ಹೊಡ್ಕೋತ ಮನಿಗೆ ಬಂದ್ರ?" ಎಂದು ದ್ಯಾಮಣ್ಣ ಚೇಷ್ಟೆ ಮಾಡಿದ. ಆದರೆ ಕಟ್ಟೆಯ ಮೇಲೆ ಕೂತವರಿಗೆಲ್ಲ, "ನನ್ನ ಮಗಳು ದಾರಿ ಉಳಿಸ್ಯಾಳ" ಎಂದು ಹೇಳಿಕೊಂಡು ತಿರುಗಿದ. ಬದುವಿನ ಮೇಲೆ ದ್ರಾಕ್ಷಿ ಚಪ್ಪರ ಬಂತು.

ಕಟ್ಟಡ ನಿಜಕ್ಕೂ ಹಕ್ಕಿ ಕುಳಿತ ಹಾಗೇ ಎದ್ದಿತು. ಆಮೇಲೆ ಅಬಕಾರಿ ಅಧಿಕಾರಿ ಬಂದು ಸುತ್ತಾಡಿ ನೋಡಿದರು.

"ಕಂಪೌಂಡ್ ಎಲ್ಲೈತ್ರಿ? ಸುತ್ತ ಗೋಡಿ ಬೇಕು, ಗೇಟು ಒಂದ ಇರಬೇಕು. ಇಲ್ಲಾಂದ್ರ ಲೈಸೆನ್ಸ್ ಇಲ್ಲ."

ಬಿಸಿಲು, ಗಾಳಿ, ನೀರಿನ ಓಟ ಎಲ್ಲ ನೋಡಿದ್ದ ಅನ್ನಪೂರ್ಣ ಈ ಒಂದನ್ನು ಯಾರ ಬಳಿಯೂ ಕೇಳಿರಲಿಲ್ಲ.

"ಸರ್, ಕುರಿಗೆ ಇನ್ನೊಂದು ಸಣ್ಣ ಗೇಟು..."

"ಕುರಿಗೂ ಪಾಸ್ ಬರದು ಕೊಡೂನೇನ್ರಿ ಮೇಡಮ್ಮರ?" ಎಂದ ಶಾಂತಕುಮಾರ. ದನಿಯಲ್ಲಿ ಸಿಟ್ಟಿರಲಿಲ್ಲ. "ಗೋಡಿ ನಕ್ಷಾನೂ ನೀವ ಬರೀರಿ."

ಬರೆದಳು. ಬೇರೆಯವರ ಕೈಗೆ ಹೋದರೆ ಗುಂಡುಕಲ್ಲನ್ನೂ ಒಡೆಸುತ್ತಾರೆಂದು ತನಗೆ ತಾನೇ ಹೇಳಿಕೊಂಡಳು.

ಗೋಡೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪನ ಜೊತೆ ಅವಳೂ ಹೋದಳು. ಮುಂದಿದ್ದ ಟಗರು ಗೋಡೆಗೆ ಮೂತಿ ಹಚ್ಚಿ ನಿಂತಿತು. ಹಿಂದಿನವು ಒತ್ತಿಕೊಂಡು ಬಂದು ನಿಂತವು. ಗೇಟಿನ ಸಂದಿಯಲ್ಲಿ ಒಳಗಿನದು ಕಾಣುತ್ತಿತ್ತು. ದೂರ ನಿಲ್ಲಿಸಿದ ಕಂಬಗಳ ನಡುವೆ, ತಂಪು ನೆರಳಿನಲ್ಲಿ, ಸಾಲಾಗಿ ಕಾರುಗಳು ನಿಂತಿದ್ದವು.

"ಜಾಗಾ ಭಾಳ ಛಲೋ ಬಿಟ್ಟಿದ್ದೆವ್ವ," ಎಂದ ದ್ಯಾಮಣ್ಣ.

"ಬದುವಿನ ಹಾದಿ ಮತ್ತ ಕೇಳೂಣಪ್ಪ."

"ಅಲ್ಲಿ ಬಳ್ಳಿ ಹಬ್ಬ್ಯಾವ."

ಕೆರೆಗೆ ಇನ್ನು ಉಳಿದದ್ದು ಹೆದ್ದಾರಿ ದಾಟುವ ದಾರಿ. ಲಾರಿಗಳ ಹಾರ್ನು ಇಲ್ಲಿಗೂ ಕೇಳುತ್ತಿತ್ತು. ದ್ಯಾಮಣ್ಣ ಹಿಂಡನ್ನು ಆ ಕಡೆ ತಿರುಗಿಸಿದ. ಟಗರು ಮಾತ್ರ ಗೋಡೆ ಬಿಟ್ಟು ಕದಲಲಿಲ್ಲ. ಅನ್ನಪೂರ್ಣ ಅದರ ಕೊಂಬು ಹಿಡಿದು ಎಳೆಯತೊಡಗಿದಳು.